ತಾಯಿ ಕಾರ್ಡ್ ಸೇವೆಯ ವಿಮರ್ಶೆ: ಕಡಿಮೆ ತೂಕದ ಮಗು ಹುಟ್ಟದಂತೆ ಇದು ಎಷ್ಟು ಕಾಯುತ್ತದೆ?

ಕರ್ನಾಟಕದಲ್ಲಿ ಬಸುರಿ ಹೆಂಗಸು ಉಪಕೇಂದ್ರದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹೆಸರು ಬರೆಸಿದಾಗ ಕೈಗೆ ಸಿಗುವುದು ತಾಯಿ ಕಾರ್ಡ್. ಅದರ ಬೆನ್ನಿಗೇ ಉಚಿತ ತಪಾಸಣೆ, ರಕ್ತ ಮತ್ತು ಮೂತ್ರ ಪರೀಕ್ಷೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಪ್ರತಿ ತಿಂಗಳ 9ರಂದು ವೈದ್ಯರ ವಿಶೇಷ ತಪಾಸಣೆ, ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ ಎಲ್ಲವೂ ಬರುತ್ತವೆ. ಈ ಸೇವೆಯನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಹುಟ್ಟುವ ಮಗು 2.5 ಕೆ.ಜಿ. ದಾಟುವಂತೆ ನೋಡಿಕೊಳ್ಳಲು ಇದು ನಿಜವಾಗಿ ನೆರವಾಗುತ್ತದೆಯೇ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಬೇಕಾದ ಅಳತೆ, ಮಾತ್ರೆಗಳಲ್ಲಿ ಹೆಚ್ಚಿನವು ಈ ಸೇವೆಯಲ್ಲೇ ಇವೆ, ಅದೂ ಕಾಸಿಲ್ಲದೆ. ಕೊರತೆ ಇರುವುದು ಅಳೆದದ್ದನ್ನು ಓದುವಲ್ಲಿ. ಕಾರ್ಡಿನಲ್ಲಿ ತೂಕ ಬರೆಯುತ್ತಾರೆ, ಹಿಮೋಗ್ಲೋಬಿನ್ ಬರೆಯುತ್ತಾರೆ, ಬಿ.ಪಿ. ಬರೆಯುತ್ತಾರೆ. ಹೋದ ತಿಂಗಳ ಅಂಕೆಗೂ ಈ ತಿಂಗಳ ಅಂಕೆಗೂ ಇರುವ ವ್ಯತ್ಯಾಸವನ್ನು ಕೂತು ನೋಡುವವರು ಕಡಿಮೆ. ಹೊಟ್ಟೆಯೊಳಗಿನ ಮಗು ಸೊರಗುತ್ತಿರುವುದು ಗೊತ್ತಾಗುವುದು ಆ ವ್ಯತ್ಯಾಸದಲ್ಲೇ. ಅದನ್ನು ಮನೆಯವರೂ ಓದಬಹುದು. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ಕಡಿಮೆ ತೂಕ ಅಂದರೆ ಎಷ್ಟು, ಯಾಕೆ

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕ, 1,500ಕ್ಕಿಂತ ಕೆಳಗಿದ್ದರೆ ಅತಿ ಕಡಿಮೆ ತೂಕ. ಇದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತೂಕ ದಾಖಲಾದ ಕೂಸುಗಳಲ್ಲಿ ನೂರಕ್ಕೆ ಸುಮಾರು 18 ಈ ಗೆರೆಗಿಂತ ಕೆಳಗೆ ಹುಟ್ಟುತ್ತವೆ.

ಇದಕ್ಕೆ ದಾರಿ ಎರಡು. ಒಂದು, 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು. ಇನ್ನೊಂದು, ದಿನ ತುಂಬಿದರೂ ಮಗು ಬೆಳೆಯದೆ ಉಳಿಯುವುದು. ಮೊದಲನೆಯದಕ್ಕೆ ಸೋಂಕು, ಅವಳಿ, ಏರಿದ ಬಿ.ಪಿ. ಮುಂತಾದವು ಕಾರಣವಾದರೆ, ಎರಡನೆಯದರಲ್ಲಿ ತಾಯಿಯ ಅಪೌಷ್ಟಿಕತೆ, ರಕ್ತಹೀನತೆ, ತಂಬಾಕು, ಮಾಸಿಗೆ ರಕ್ತ ಸರಿಯಾಗಿ ಹರಿಯದಿರುವುದು ಮುಖ್ಯ. ನಮ್ಮಲ್ಲಿ ಎರಡನೆಯ ದಾರಿಯ ಪಾಲು ದೊಡ್ಡದು. ಈ ಎರಡನ್ನು ಬೇರ್ಪಡಿಸಲು ದಿನಗಳ ಲೆಕ್ಕ ಸರಿ ಇರಬೇಕು. ಹಾಗಾಗಿ ಸೇವೆಯ ಮೊದಲ ಪರೀಕ್ಷೆ ಅಲ್ಲೇ.

ಹೆಸರು ಬರೆಸುವುದು: 12 ವಾರದೊಳಗೆ

ಮೊದಲ ಭೇಟಿ 12 ವಾರದೊಳಗೆ, ಎರಡನೆಯದು 14ರಿಂದ 26, ಮೂರನೆಯದು 28ರಿಂದ 34, ನಾಲ್ಕನೆಯದು 36 ವಾರದ ನಂತರ. ಸರ್ಕಾರಿ ಲೆಕ್ಕದಲ್ಲಿ ಕನಿಷ್ಠ ಈ ನಾಲ್ಕು ಭೇಟಿ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಹೇಳುತ್ತಿದೆ. ಮಗುವಿನ ತೂಕದ ದೃಷ್ಟಿಯಿಂದ ನಾಲ್ಕು ಸಾಲದು. ಎರಡನೆಯ ಮತ್ತು ಮೂರನೆಯ ಭೇಟಿಯ ನಡುವೆ ಎರಡು–ಮೂರು ತಿಂಗಳ ಅಂತರ ಬಿದ್ದುಬಿಡಬಹುದು, ಮಗು ಹಿಂದೆ ಬೀಳಲು ಅಷ್ಟು ಸಮಯ ಧಾರಾಳ ಸಾಕು. ನಾಲ್ಕನೇ ತಿಂಗಳಿನಿಂದ ತಿಂಗಳಿಗೊಮ್ಮೆ ಹೋಗಿ ತೂಕ ಮತ್ತು ಬಿ.ಪಿ. ಬರೆಸಿಕೊಳ್ಳಿ. ಉಪಕೇಂದ್ರದ ಸಿಸ್ಟರ್ ಇದಕ್ಕೆ ಬೇಡ ಅನ್ನುವುದಿಲ್ಲ.

ಮೊದಲ ಭೇಟಿಯಲ್ಲಿ ಕೊನೆಯ ಮುಟ್ಟಿನ ಮೊದಲ ದಿನ ಕೇಳುತ್ತಾರೆ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ಮುಟ್ಟು ಏರುಪೇರಾಗುವವರಿಗೆ, ಮೊಲೆಹಾಲು ಕುಡಿಸುತ್ತಿರುವಾಗಲೇ ಮತ್ತೆ ಬಸುರಾದವರಿಗೆ ಈ ಲೆಕ್ಕ ತಪ್ಪುತ್ತದೆ. ತಪ್ಪಿದರೆ ಮುಂದೆ ಸರಿಯಾಗಿ ಬೆಳೆಯುತ್ತಿರುವ ಮಗುವನ್ನು ಸಣ್ಣದು ಅನ್ನುತ್ತಾರೆ, ಅಥವಾ ನಿಜಕ್ಕೂ ಸಣ್ಣದಾಗಿರುವುದನ್ನು ಇನ್ನೂ ದಿನ ಕಡಿಮೆ ಎಂದು ಬಿಟ್ಟುಬಿಡುತ್ತಾರೆ. 11ರಿಂದ 13 ವಾರದ ನಡುವೆ ಒಂದು ಸ್ಕ್ಯಾನಿಂಗ್ ಮಾಡಿಸಿದರೆ ಈ ಗೊಂದಲ ಮುಗಿಯಿತು. ಆ ಹೊತ್ತಿನಲ್ಲಿ ಮಗುವಿನ ಉದ್ದ ಅಳೆದು ಹೇಳುವ ದಿನ ಕೆಲವೇ ದಿನಗಳ ಅಂತರದಲ್ಲಿ ಸರಿ ಇರುತ್ತದೆ. ಏಳನೇ ತಿಂಗಳಲ್ಲಿ ಮೊದಲ ಬಾರಿ ಮಾಡಿಸುವ ಸ್ಕ್ಯಾನ್ ಎರಡು–ಮೂರು ವಾರ ಆಚೀಚೆ ಹೇಳಬಹುದು. ಮೊದಲ ಸ್ಕ್ಯಾನಿನ ವರದಿಯನ್ನು ಕಾರ್ಡಿಗೆ ಪಿನ್ ಹೊಡೆದಿಡಿ. ಮುಂದಿನ ಸ್ಕ್ಯಾನಿನಲ್ಲಿ ಬರುವ ಹೊಸ ದಿನಾಂಕಕ್ಕೆ ಲೆಕ್ಕ ಬದಲಾಯಿಸಲು ಬಿಡಬೇಡಿ.

ಅದೇ ದಿನ ಎತ್ತರವನ್ನೂ ನೋಡುತ್ತಾರೆ. 145 ಸೆಂ.ಮೀ.ಗಿಂತ ಗಿಡ್ಡವಿದ್ದರೆ ಹೆರಿಗೆ ಕಷ್ಟವಾಗಬಹುದೆಂದು ಗುರುತು ಹಾಕುತ್ತಾರೆ. ಅದೇ ಎತ್ತರ ಮಗುವಿನ ತೂಕಕ್ಕೂ ಎಚ್ಚರಿಕೆ ಎಂಬುದನ್ನು ಮಾತ್ರ ಅಷ್ಟಾಗಿ ಹೇಳುವುದಿಲ್ಲ. ಬಾಲ್ಯದಲ್ಲಿ ಊಟ ಸಾಲದೆ ಗಿಡ್ಡಗಾದ ತಾಯಿಗೆ ಸಣ್ಣ ಮಗು ಹುಟ್ಟುವ ಸಂಭವ ಹೆಚ್ಚು. ಎತ್ತರವನ್ನು ಬದಲಿಸಲಾಗದು, ಆದರೆ ಅವಳ ತೂಕ ಏರಿಕೆಯ ಮೇಲೆ ಇಮ್ಮಡಿ ಕಣ್ಣಿಡಬಹುದು.

ತೂಕದ ಸಾಲು: ಕಾರ್ಡಿನ ಅತಿ ಮುಖ್ಯ ಸಾಲು

ಇಲ್ಲಿ ನಿಧಾನವಾಗಿ ಓದಿ. ಬಸುರಿಗೆ ಮುಂಚೆಯೇ 45 ಕೆ.ಜಿ.ಗಿಂತ ಕಡಿಮೆ ಇರುವವರಲ್ಲಿ, ಅಥವಾ ಬಿ.ಎಂ.ಐ. 18.5ಕ್ಕಿಂತ ಕೆಳಗಿರುವವರಲ್ಲಿ ಕಡಿಮೆ ತೂಕದ ಮಗುವಿನ ಅಪಾಯ ಸ್ಪಷ್ಟವಾಗಿ ಹೆಚ್ಚು. ಬಿ.ಎಂ.ಐ. ಲೆಕ್ಕ ಸುಲಭ: ಕೆ.ಜಿ.ಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸಿ. 1.52 ಮೀಟರ್ ಎತ್ತರ, 41 ಕೆ.ಜಿ. ಇದ್ದರೆ 17.7. ಅಂಥವರು ಮೊದಲ ದಿನದಿಂದಲೇ ಅಪಾಯದ ಪಟ್ಟಿಯಲ್ಲಿ ಇರಬೇಕು.

ಸರ್ಕಾರಿ ಮಾರ್ಗಸೂಚಿ ಇಡೀ ಬಸುರಿನಲ್ಲಿ 9ರಿಂದ 11 ಕೆ.ಜಿ. ಏರಬೇಕು ಅನ್ನುತ್ತದೆ. ಮೊದಲ ಮೂರು ತಿಂಗಳು ಬಿಟ್ಟು ಆಮೇಲೆ ತಿಂಗಳಿಗೆ ಸುಮಾರು 2 ಕೆ.ಜಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಪಟ್ಟಿಯಲ್ಲಿ ತೆಳ್ಳಗಿನ ಹೆಂಗಸಿಗೆ 12.5ರಿಂದ 18 ಕೆ.ಜಿ., ದಪ್ಪಗಿರುವವರಿಗೆ 7ರಿಂದ 11.5 ಎಂದಿದೆ. ಎಲ್ಲರಿಗೂ ಒಂದೇ ಅಂಕೆ ಇಟ್ಟಿರುವುದು ನಮ್ಮ ಕಾರ್ಡಿನ ದೊಡ್ಡ ಕೊರತೆ ಎಂದು ನಮ್ಮ ಅನಿಸಿಕೆ. 41 ಕೆ.ಜಿ.ಯ ಹುಡುಗಿಗೆ 9 ಕೆ.ಜಿ. ಏರಿದರೆ ಸಾಕು ಎಂದು ನೆಮ್ಮದಿಯಿಂದ ಕೂರುವಂತಿಲ್ಲ.

ಓದುವುದು ಹೀಗೆ. 20ನೇ ವಾರದಲ್ಲಿ 44 ಕೆ.ಜಿ., 28ನೇ ವಾರದಲ್ಲಿ 46 ಕೆ.ಜಿ. ಎಂದು ಬರೆದಿದ್ದಾರೆ ಎಂದುಕೊಳ್ಳಿ. ನೋಡಲು ಏರುತ್ತಲೇ ಇದೆ, ಯಾರೂ ಕೆಂಪು ಗುರುತು ಹಾಕುವುದಿಲ್ಲ. ಆದರೆ ಎಂಟು ವಾರಕ್ಕೆ ನಾಲ್ಕು ಕೆ.ಜಿ. ಹತ್ತಿರ ಏರಬೇಕಿದ್ದಲ್ಲಿ ಎರಡೇ ಏರಿದೆ. ಇದು ಊಟ ಸಾಲುತ್ತಿಲ್ಲ ಎಂಬ ಸೂಚನೆ, ಅಥವಾ ವಾಂತಿ, ಸೋಂಕು, ಅತಿ ದುಡಿಮೆ ಇರಬಹುದು. ಆ ದಿನವೇ ಕೇಳಬೇಕಾದ ಮಾತು. ತಿಂಗಳಿಗೆ 3 ಕೆ.ಜಿ. ದಾಟಿ ಏರಿದರೂ ಖುಷಿಪಡುವಂತಿಲ್ಲ. ನೀರು ತುಂಬಿಕೊಂಡು ಬಿ.ಪಿ. ಏರುವ ಮುನ್ಸೂಚನೆ, ಅವಳಿ, ಇಲ್ಲವೇ ಸಕ್ಕರೆ ಕಾಯಿಲೆ ಅದರ ಹಿಂದೆ ಇರಬಹುದು.

ಅಳತೆಯೇ ತಪ್ಪುವುದೂ ಉಂಟು. ಸ್ಪ್ರಿಂಗ್ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ ಹತ್ತಿ, ಚಪ್ಪಲಿ ಬಿಡಿ, ಕೈಚೀಲ ಕೆಳಗಿಡಿ, ಆದಷ್ಟೂ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ. ಎರಡು ತಕ್ಕಡಿಗಳ ನಡುವೆ ಒಂದು ಕೆ.ಜಿ. ಅಂತರ ಇದ್ದರೆ ಇಡೀ ತಿಂಗಳ ಲೆಕ್ಕ ಕೆಟ್ಟಂತೆ.

ನಮ್ಮ ಕಡೆಯ ಒಂದು ರೂಢಿಯಿಂದ ಇಲ್ಲೊಂದು ತೊಡಕು ಬರುತ್ತದೆ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ಮಗಳು ತವರಿಗೆ ಹೋಗುತ್ತಾಳೆ. ಮಗು 28ನೇ ವಾರದಲ್ಲಿ ಸುಮಾರು ಒಂದು ಕೆ.ಜಿ. ಇರುತ್ತದೆ, ಉಳಿದ ತೂಕವೆಲ್ಲ ಅಲ್ಲಿಂದಾಚೆಗೆ, ವಾರಕ್ಕೆ ಹತ್ತಿರ ಹತ್ತಿರ 200 ಗ್ರಾಂನಂತೆ ಬರುವುದು. ಸರಿಯಾಗಿ ಆ ಹೊತ್ತಿಗೇ ಊರು, ಸಿಸ್ಟರ್, ಆಶಾ, ತಕ್ಕಡಿ ಎಲ್ಲ ಬದಲಾಗುತ್ತವೆ. ಹೊರಡುವ ಮುಂಚೆ ಆಶಾ ಕಾರ್ಯಕರ್ತೆಗೆ ತಿಳಿಸಿ, ತವರಿನ ಉಪಕೇಂದ್ರದಲ್ಲಿ ಮೊದಲ ವಾರವೇ ಕಾರ್ಡ್ ತೋರಿಸಿ ತೂಗಿಸಿಕೊಳ್ಳಿ. ಕಾರ್ಡಿನ ನೋಂದಣಿ ಸಂಖ್ಯೆ ಎಲ್ಲ ಕಡೆಯೂ ನಡೆಯುತ್ತದೆ, ಹೊಸ ಕಾರ್ಡ್ ಮಾಡಿಸಬೇಕಾಗಿಲ್ಲ. ಹೊಸ ಕಾರ್ಡ್ ಮಾಡಿಸಿದರೆ ಹಳೆಯ ಅಂಕೆಗಳೆಲ್ಲ ಕಣ್ಮರೆ.

ಹೊಟ್ಟೆಯ ಮೇಲಿನ ಟೇಪು

ಸೇವೆಯಲ್ಲಿ ಅತಿ ಅಗ್ಗದ, ಅತಿ ಕಡೆಗಣನೆಗೆ ಗುರಿಯಾದ ಸಾಧನ ಇದು. ಮೂತ್ರ ಮಾಡಿ ಬಂದು ಕಾಲು ಚಾಚಿ ಮಲಗಿದ ಮೇಲೆ, ಕೆಳಹೊಟ್ಟೆಯ ಮೂಳೆಯ ಮೇಲಂಚಿನಿಂದ ಗರ್ಭಕೋಶದ ತುದಿಯವರೆಗೆ ಟೇಪಿನಲ್ಲಿ ಅಳೆಯುತ್ತಾರೆ. 24ರಿಂದ 36 ವಾರದವರೆಗೆ ಸೆಂಟಿಮೀಟರು ಮತ್ತು ವಾರ ಹೆಚ್ಚುಕಡಿಮೆ ಒಂದೇ ಇರುತ್ತವೆ, ಎರಡು ಆಚೀಚೆ ಆಗಬಹುದು. 30 ವಾರಕ್ಕೆ 26 ಸೆಂ.ಮೀ. ಇದ್ದರೆ ಮಗು ಬೆಳೆಯುತ್ತಿಲ್ಲವೇ, ನೀರು ಕಡಿಮೆಯೇ, ಲೆಕ್ಕ ತಪ್ಪೇ ಎಂದು ನೋಡಲು ಸ್ಕ್ಯಾನಿಂಗ್‌ಗೆ ಕಳಿಸಬೇಕು. ಮೂತ್ರಕೋಶ ತುಂಬಿದ್ದರೆ ಅಳತೆ ಹೆಚ್ಚು ಬರುತ್ತದೆ, ಮಗು ಅಡ್ಡ ಮಲಗಿದ್ದರೆ ಕಡಿಮೆ. ಬೆರಳಿನ ಅಂದಾಜಿನಲ್ಲೇ ಮುಗಿಸಿದರೆ ‘ಟೇಪಿನಲ್ಲಿ ಅಳೆದು ಬರೆಯಿರಿ ಮೇಡಂ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಒಬ್ಬರೇ ಸಿಸ್ಟರ್ ಪ್ರತಿ ಸಲ ಅಳೆದರೆ ಇನ್ನೂ ಒಳ್ಳೆಯದು.

ಸ್ಕ್ಯಾನ್ ವರದಿಯಲ್ಲಿ ನೋಡಬೇಕಾದದ್ದು ಅಂದಾಜು ತೂಕ, ಹೊಟ್ಟೆಯ ಸುತ್ತಳತೆ, ನೀರಿನ ಪ್ರಮಾಣ. ಅದೇ ವಾರದ ಮಕ್ಕಳಲ್ಲಿ ಕೆಳಗಿನ ಹತ್ತು ಶೇಕಡಾದೊಳಗೆ ಬಿದ್ದರೆ ಡಾಪ್ಲರ್ ಸ್ಕ್ಯಾನ್ ಮಾಡಿ ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವ ಬಗೆ ನೋಡುತ್ತಾರೆ. ಈ ಸ್ಕ್ಯಾನ್ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವಂಥದ್ದಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಓಡಾಡುವುದು ಅನಿವಾರ್ಯ. ಹಳ್ಳಿಯವರಿಗೆ ಸೇವೆ ಕೈಕೊಡುವ ಜಾಗಗಳಲ್ಲಿ ಇದೂ ಒಂದು.

ರಕ್ತ ಮತ್ತು ಮಾತ್ರೆ

2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ 52.2 ಶೇಕಡಾ ರಕ್ತಹೀನರು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 10ರಿಂದ 10.9 ಅಲ್ಪ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ರಕ್ತ ಕಡಿಮೆಯಾದಷ್ಟೂ ಮಾಸಿಗೆ ಹೋಗುವ ಆಮ್ಲಜನಕ ಕಡಿಮೆ. ದಿನ ತುಂಬುವ ಮುಂಚಿನ ಹೆರಿಗೆ ಮತ್ತು ಸಣ್ಣ ಮಗು ಎರಡರ ಅಪಾಯವೂ ಏರುತ್ತದೆ.

ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು, ಕನಿಷ್ಠ 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತಹೀನತೆ ಇದ್ದರೆ ದಿನಕ್ಕೆ ಎರಡು. ಎರಡನೇ ತ್ರೈಮಾಸಿಕದಲ್ಲಿ ಜಂತುಹುಳಕ್ಕೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಒಂದೇ ಒಂದು ಮಾತ್ರೆ. ಮಾತ್ರೆ ಒಳ್ಳೆಯದೇ, ಕೆಲಸವನ್ನೂ ಮಾಡುತ್ತದೆ. ಆದರೆ ನುಂಗುವ ರೀತಿಯಲ್ಲಿ ಅರ್ಧಕ್ಕರ್ಧ ವ್ಯರ್ಥವಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಎರಡರ ನಡುವೆ ಎರಡು ಗಂಟೆ ಬೇಕು. ಕಾಫಿ, ಟೀ, ಹಾಲು ಕುಡಿದ ಕೂಡಲೇ ನುಂಗಿದರೂ ಅದೇ ಕತೆ. ರಾಗಿ ಮುದ್ದೆಯ ಊಟ ಎಷ್ಟೇ ಒಳ್ಳೆಯದಾದರೂ ಅದರ ಜೊತೆಗೇ ಈ ಮಾತ್ರೆ ಬೇಡ. ಮಧ್ಯಾಹ್ನ ಊಟವಾಗಿ ಒಂದೆರಡು ಗಂಟೆ ಬಿಟ್ಟು ನಿಂಬೆಹಣ್ಣಿನ ಪಾನಕದ ಜೊತೆ, ಅಥವಾ ರಾತ್ರಿ ಮಲಗುವಾಗ ನೀರಿನಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳಸುವುದೂ ಕಡಿಮೆ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿಯ ಜೊತೆಗೊಂದು, ರಾತ್ರಿ ಊಟದ ಜೊತೆಗೊಂದು ಇರಲಿ.

ಮಲ ಕಪ್ಪಗಾಗುವುದು ಸಹಜ, ಹೆದರಬೇಕಾಗಿಲ್ಲ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಪೂರ್ತಿ ಸುಳ್ಳು, ಆ ನಂಬಿಕೆಯಿಂದ ತಿಪ್ಪೆಗೆ ಹೋಗುವ ಮಾತ್ರೆಗಳು ಮಗುವಿನ ಬಾಯಿಂದ ಕಿತ್ತುಕೊಂಡಂತೆ.

ಎರಡು ಮಾತ್ರೆ ಶುರು ಮಾಡಿದ ಒಂದು ತಿಂಗಳಿಗೆ ಮತ್ತೆ ಪರೀಕ್ಷೆ ಆಗಬೇಕು. ಒಂದು ಗ್ರಾಂ ಕೂಡ ಏರಿಲ್ಲವೆಂದರೆ ಮೇಲಿನ ಆಸ್ಪತ್ರೆಗೆ ಹೋಗಬೇಕು. ಬಿ12 ಕೊರತೆ, ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕ ಸ್ಥಿತಿ, ಮೂಲವ್ಯಾಧಿಯ ರಕ್ತಸ್ರಾವ ಯಾವುದೂ ಬರೀ ಕಬ್ಬಿಣದಿಂದ ಹೋಗುವುದಿಲ್ಲ. ಬಿ12 ಬಗ್ಗೆ ಒತ್ತಿ ಹೇಳಬೇಕು: ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದಲ್ಲಿ ಬಿ12 ಕಡಿಮೆಯಿದ್ದ ತಾಯಂದಿರಿಗೆ ಬೆಳವಣಿಗೆ ಕುಂಠಿತವಾದ ಮಕ್ಕಳು ಹುಟ್ಟುವುದು ಹೆಚ್ಚಾಗಿ ಕಂಡಿತ್ತು. ಹಾಲು–ಮೊಸರನ್ನೂ ಅಪರೂಪಕ್ಕೆ ತಿನ್ನುವ ಶಾಕಾಹಾರಿ ಮನೆಗಳಲ್ಲಿ ಇದನ್ನು ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಮಾತ್ರೆಯಲ್ಲಿ ಬಿ12 ಇಲ್ಲ. ಕೊನೆಯ ತಿಂಗಳುಗಳಲ್ಲಿ ಮೊದಲ ಬಾರಿ ರಕ್ತಹೀನತೆ ಗೊತ್ತಾದವರಿಗೆ, ಮಾತ್ರೆ ತಡೆಯಲಾಗದವರಿಗೆ ನರಕ್ಕೆ ಹಾಕುವ ಕಬ್ಬಿಣದ ಚುಚ್ಚುಮದ್ದು ಆಸ್ಪತ್ರೆಯಲ್ಲಿ ಸಿಗುತ್ತದೆ.

ಇನ್ನೊಂದು ಸೂಕ್ಷ್ಮ. ಆರನೇ–ಏಳನೇ ತಿಂಗಳಲ್ಲಿ ರಕ್ತ ಸ್ವಲ್ಪ ತೆಳುವಾಗಿ ಹಿಮೋಗ್ಲೋಬಿನ್ ಇಳಿಯುವುದು ಸಹಜ. ಆ ಹೊತ್ತಿನಲ್ಲಿ 13 ದಾಟಿ ನಿಂತಿದ್ದರೆ ಭೇಷ್ ಎನ್ನುವ ಬದಲು ಬಿ.ಪಿ. ಮತ್ತು ಮಗುವಿನ ಬೆಳವಣಿಗೆಯನ್ನು ಎರಡು ಸಲ ನೋಡಬೇಕು. ರಕ್ತದ ಪ್ರಮಾಣ ಏರಬೇಕಾದಷ್ಟು ಏರದಿದ್ದಾಗಲೂ ಹೀಗಾಗುತ್ತದೆ.

ಪರೀಕ್ಷೆಯ ವಿಧಾನವೂ ಮುಖ್ಯ. ಬೆರಳು ಹಿಂಡಿ ಹಿಂಡಿ ತೆಗೆದ ಹನಿಯಲ್ಲಿ ಮೈನೀರು ಬೆರೆತು ಅಂಕೆ ಕಡಿಮೆ ತೋರಿಸುತ್ತದೆ. ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ತೆಗೆಯಬೇಕು. ಬಣ್ಣ ಹೋಲಿಸಿ ನೋಡುವ ಸಾಹ್ಲಿ ಕೊಳವೆಯಲ್ಲಿ ಆಮ್ಲ ಹಾಕಿ ಹತ್ತು ನಿಮಿಷ ಕಾಯದೆ ಓದಿದರೂ ತಪ್ಪು. ಕೈಯ ನರದಿಂದ ರಕ್ತ ತೆಗೆದು ಯಂತ್ರದಲ್ಲಿ ನೋಡಿದ್ದು ಹೆಚ್ಚು ನಂಬಿಕೆಯದು.

ತಿಂಗಳ 9ನೇ ತಾರೀಕು

ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಿಂದ ನಡೆಯುತ್ತಿದೆ. ಪ್ರತಿ ತಿಂಗಳ 9ರಂದು, ಆ ದಿನ ರಜೆಯಿದ್ದರೆ ಮುಂದಿನ ಕೆಲಸದ ದಿನ, ವೈದ್ಯರೇ ಗರ್ಭಿಣಿಯರನ್ನು ನೋಡುತ್ತಾರೆ. ಅಪಾಯ ಇರುವವರ ಕಾರ್ಡಿಗೆ ಕೆಂಪು ಚೀಟಿ, ಇಲ್ಲದವರಿಗೆ ಹಸಿರು. ಸೇವೆಯ ಅತ್ಯುತ್ತಮ ಭಾಗ ಇದೇ. ಕಷ್ಟವೆಂದರೆ ಜನಸಂದಣಿ. ನಿಮ್ಮ ಸರದಿ ಬಂದಾಗ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ, ಹಿಂದಿನ ಹೆರಿಗೆಯಲ್ಲಿ ಮಗುವಿನ ತೂಕ ಎಷ್ಟಿತ್ತು ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಹಿಂದೆ ಸಣ್ಣ ಮಗುವೋ ದಿನ ತುಂಬದ ಮಗುವೋ ಹುಟ್ಟಿದ್ದರೆ ಈ ಬಾರಿ ಹಾಗಾಗುವ ಸಂಭವ ಹೆಚ್ಚು.

ಬಿ.ಪಿ. ನೋಡುವ ಮುಂಚೆ ಐದು ನಿಮಿಷ ಕೂರಬೇಕು. ಬಸ್ಸಿಳಿದು ಓಡಿ ಬಂದು ಕೈ ಚಾಚಿದರೆ ಅಂಕೆ ಹೆಚ್ಚು ತೋರಿಸುತ್ತದೆ. 140/90 ಅಥವಾ ಮೇಲಿದ್ದರೆ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಇದ್ದರೆ ಮಾಸಿನ ರಕ್ತನಾಳಗಳು ಸರಿಯಾಗಿ ಅರಳಿಲ್ಲವೆಂದು ಅನುಮಾನಿಸಬೇಕು. ಮಗು ಸೊರಗುವುದು, ಬೇಗ ಹೆರಿಗೆ ಮಾಡಿಸಬೇಕಾಗುವುದು ಎರಡಕ್ಕೂ ಇದು ದೊಡ್ಡ ಕಾರಣ. ಹಿಂದಿನ ಬಸುರಿನಲ್ಲಿ ಬಿ.ಪಿ. ಏರಿದ್ದವರು, ಅವಳಿ ಇರುವವರು, ಮೊದಲೇ ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು 12 ವಾರದ ಹೊತ್ತಿಗೇ ವೈದ್ಯರ ಬಳಿ ಕಡಿಮೆ ಪ್ರಮಾಣದ ಆಸ್ಪಿರಿನ್ ಬಗ್ಗೆ ಕೇಳಬೇಕು. 16 ವಾರ ಕಳೆದ ಮೇಲೆ ಅದರ ಫಲ ಕಡಿಮೆ. ಬೆಳಗಾವಿಯೂ ಒಂದು ಕೇಂದ್ರವಾಗಿದ್ದ, 2020ರಲ್ಲಿ ಪ್ರಕಟವಾದ ಬಹುರಾಷ್ಟ್ರ ಅಧ್ಯಯನದಲ್ಲಿ ಚೊಚ್ಚಲ ಬಸುರಿಯರಿಗೆ ಇದನ್ನು ಕೊಟ್ಟಾಗ ದಿನ ತುಂಬದ ಹೆರಿಗೆ 13.1ರಿಂದ 11.6 ಶೇಕಡಾಕ್ಕೆ ಇಳಿದಿತ್ತು. ಮೆಡಿಕಲ್ ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆ ಮಾತ್ರ ಇದಲ್ಲ.

ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದು–ಹತ್ತು ನಿಮಿಷದಲ್ಲಿ ಕುಡಿಯಬೇಕು, ಎರಡು ಗಂಟೆಗೆ ರಕ್ತ ತೆಗೆಯುತ್ತಾರೆ. 140 ಅಥವಾ ಮೇಲೆ ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾರನೇ ದಿನ ಮತ್ತೆ ಮಾಡಿಸಬೇಕು. ಎರಡು ಗಂಟೆ ಕಾಯಬೇಕಾದ್ದರಿಂದ ಬೆಳಿಗ್ಗೆಯೇ ಹೋಗಿ. ಸಾಮಾನ್ಯವಾಗಿ ಈ ಕಾಯಿಲೆಯಲ್ಲಿ ಮಗು ದಪ್ಪಗಾಗುತ್ತದೆ. ಆದರೆ ಹಳೆಯ ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕೆಟ್ಟವರಲ್ಲಿ, ಸಕ್ಕರೆಗೆ ಹೆದರಿ ಊಟವನ್ನೇ ಬಿಟ್ಟವರಲ್ಲಿ ಮಗು ಸಣ್ಣದಾಗುತ್ತದೆ.

ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆ ಮೊದಲ ಭೇಟಿಯಲ್ಲೇ ಆಗುತ್ತದೆ, ನಾಚಿಕೊಂಡು ತಪ್ಪಿಸಬೇಡಿ. ಸಿಫಿಲಿಸ್ ಬೇಗ ಗೊತ್ತಾದರೆ ಪೆನಿಸಿಲಿನ್ ಸೂಜಿ ಸಾಕು. ಮೂತ್ರದ ಸೋಂಕಿನ ವಿಷಯದಲ್ಲಿ ಸೇವೆ ದುರ್ಬಲ: ಪಟ್ಟಿ ಅದ್ದಿ ಪ್ರೋಟೀನ್, ಸಕ್ಕರೆ ನೋಡುತ್ತಾರೆ, ಉರಿಯಿಲ್ಲದ ಸೋಂಕು ಅದರಲ್ಲಿ ತಪ್ಪಿಹೋಗುತ್ತದೆ. ಅದು ಮೂತ್ರಪಿಂಡಕ್ಕೇರಿದರೆ ಹೆರಿಗೆನೋವು ಬೇಗ ಬರುತ್ತದೆ. ಹಿಂದೆ ಉರಿಮೂತ್ರ ಬಂದಿದ್ದವರು ಮೂತ್ರದ ಕಲ್ಚರ್ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಲಿ.

ಮಾತೃಪೂರ್ಣ ಊಟ

2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಇರುವ ಯೋಜನೆ. ಅಂಗನವಾಡಿಯಲ್ಲಿ ಗರ್ಭಿಣಿ–ಬಾಣಂತಿಯರಿಗೆ ತಿಂಗಳಿಗೆ 25 ದಿನ ಅನ್ನ–ಸಾರು, ಪಲ್ಯ, 200 ಮಿ.ಲೀ. ಹಾಲು, ಬೇಯಿಸಿದ ಮೊಟ್ಟೆ, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ಬಸುರಿಗೆ ದಿನಕ್ಕೆ ಹೆಚ್ಚುವರಿ 350 ಕ್ಯಾಲೊರಿ, ಕೊನೆಯ ಮೂರು ತಿಂಗಳಲ್ಲಿ ಹೆಚ್ಚುವರಿ 22 ಗ್ರಾಂ ಪ್ರೋಟೀನ್ ಬೇಕು. ಹಾಲು ಮತ್ತು ಮೊಟ್ಟೆಯಿಂದಲೇ ಸುಮಾರು 12 ಗ್ರಾಂ ಪ್ರೋಟೀನ್ ಬರುತ್ತದೆ. ತಟ್ಟೆಯ ಲೆಕ್ಕ ಚೆನ್ನಾಗಿದೆ.

ತೊಂದರೆ ತಟ್ಟೆಯ ಆಚೆಗೆ. ಮಲೆನಾಡಿನಲ್ಲಿ ಮನೆಗಳು ದೂರ ದೂರ, ಮಳೆಗಾಲದಲ್ಲಿ ತುಂಬು ಬಸುರಿ ಒಂದು ಊಟಕ್ಕಾಗಿ ಗುಡ್ಡ ಇಳಿದು ಹತ್ತುವುದು ಆಗದ ಮಾತು. ಕೂಲಿಗೆ ಹೋಗುವವರಿಗೆ ಮಧ್ಯಾಹ್ನ ಅಂಗನವಾಡಿಗೆ ಬಂದರೆ ಅರ್ಧ ದಿನದ ಸಂಬಳ ಹೋಗುತ್ತದೆ. ಅಲ್ಲಿ ಉಂಡು ಬಂದಳೆಂದು ಮನೆಯಲ್ಲಿ ಅವಳ ಪಾಲು ಕಡಿಮೆ ಮಾಡಿದರೆ ಹೆಚ್ಚುವರಿ ಊಟ ಅನ್ನುವುದೇ ಉಳಿಯುವುದಿಲ್ಲ. ಮಗು ದಪ್ಪಗಾದರೆ ಹೆರಿಗೆ ಕಷ್ಟ ಎಂದು ಕೊನೆಯ ತಿಂಗಳುಗಳಲ್ಲಿ ಊಟ ತಗ್ಗಿಸುವ ಮನೆಗಳೂ ಇವೆ. ಮಗು ತೂಕ ಕಟ್ಟಿಕೊಳ್ಳುವ ಹೊತ್ತಿಗೆ ಅನ್ನ ಕಸಿಯುವ ಈ ಪದ್ಧತಿ ನಿಲ್ಲಬೇಕು. ಅತ್ತೆ, ತಾಯಿ, ಗಂಡ ಎಲ್ಲರಿಗೂ ತೂಕದ ಸಾಲನ್ನು ತೋರಿಸಿ ಹೇಳಿದರೆ ಮಾತಿಗೆ ಬಲ ಬರುತ್ತದೆ.

ಅಂಗನವಾಡಿಗೆ ಹೋಗಲಾಗದವರು ಮನೆಯಲ್ಲೇ ಅದರ ಸಮಕ್ಕೆ ಸೇರಿಸಿಕೊಳ್ಳಬೇಕಾದ್ದು: ಒಂದು ಲೋಟ ಹಾಲು, ಒಂದು ಮೊಟ್ಟೆ ಅಥವಾ ಒಂದು ಹಿಡಿ ಮೊಳಕೆಕಾಳು, ಒಂದು ಹಿಡಿ ಹುರಿದ ಶೇಂಗಾ, ದಿನಕ್ಕೊಂದು ಸೊಪ್ಪು, ಒಂದು ಹಣ್ಣು. ಪುಣೆಯ ಹಳ್ಳಿಗಳಲ್ಲಿ ನಡೆದ ತಾಯಂದಿರ ಪೋಷಣೆಯ ಅಧ್ಯಯನದಲ್ಲಿ ಹಾಲು, ಸೊಪ್ಪು, ಹಣ್ಣು ಹೆಚ್ಚು ತಿಂದವರ ಮಕ್ಕಳು ದೊಡ್ಡದಾಗಿದ್ದವು, ಹೊಲದಲ್ಲಿ ಅತಿಯಾಗಿ ದುಡಿದವರ ಮಕ್ಕಳು ಸಣ್ಣದಾಗಿದ್ದವು.

ಕಾರ್ಡಿನಲ್ಲಿ ಜಾಗ ಸಿಗದ ಅಪಾಯಗಳು

ತಂಬಾಕು ಎಂದರೆ ಸಿಗರೇಟು ಎಂದುಕೊಂಡು ಹೆಂಗಸರನ್ನು ಅದರ ಬಗ್ಗೆ ಕೇಳುವುದೇ ಅಪರೂಪ. ಎಲೆ–ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು, ಕಡ್ಡಿಪುಡಿ ತಿನ್ನುವವರು, ಹಲ್ಲಿಗೆ ನಶ್ಯ ಉಜ್ಜುವವರು ನಮ್ಮಲ್ಲಿ ಕಡಿಮೆಯಿಲ್ಲ. ಮುಂಬೈಯಲ್ಲಿ 1,217 ಗರ್ಭಿಣಿಯರನ್ನು ಹಿಂಬಾಲಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಗಂಡ ಮನೆಯೊಳಗೆ ಬೀಡಿ ಸೇದಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕರಾವಳಿಯಲ್ಲಿ ಬೀಡಿ ಕಟ್ಟುವ ತಾಯಂದಿರು ತಂಬಾಕಿನ ದೂಳಿನಲ್ಲೇ ದಿನ ಕಳೆಯುತ್ತಾರೆ. ಆ ತಿಂಗಳುಗಳಲ್ಲಿ ಕೆಲಸ ಬಿಡಲಾಗದಿದ್ದರೆ ಮನೆಯೊಳಗೆ ಕೂರುವ ಬದಲು ಗಾಳಿಯಾಡುವ ಜಗಲಿಯಲ್ಲಿ ಕಟ್ಟಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಅಡುಗೆಮನೆಗೆ ಗ್ಯಾಸ್ ಬಂದರೂ ಬಚ್ಚಲುಮನೆಯ ಹಂಡೆಯ ಒಲೆ ಸೌದೆಯದ್ದೇ. ಬೆಳಿಗ್ಗೆ ಊದಿ ಊದಿ ಉರಿ ಮಾಡುವ ಕೆಲಸವನ್ನು ಬಸುರಿಯಿಂದ ತಪ್ಪಿಸಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ.

ವಿಶ್ರಾಂತಿ ರಾತ್ರಿ 8 ಗಂಟೆ, ಹಗಲು 2 ಗಂಟೆ ಎಂದು ಕಾರ್ಡ್ ಹೇಳುತ್ತದೆ. ಗಾರ್ಮೆಂಟ್ಸ್ ಕೆಲಸಗಾರ್ತಿಯರಿಗೆ ಹೆರಿಗೆ ರಜೆ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಬಿ.ಪಿ. ಏರಿದ್ದರೆ, ಮಗು ಸಣ್ಣದಿದೆ ಎಂದು ಸ್ಕ್ಯಾನ್ ಹೇಳಿದ್ದರೆ ಆ 8 ವಾರವನ್ನು ಮುಂಚೆಯೇ ಬಳಸಿ. ಹೊಡೆತ, ಬೈಗುಳ ಇರುವ ಮನೆಯ ಹೆಂಗಸಿನ ಮಗು ಸಣ್ಣದಾಗುವುದೂ ದಾಖಲಾದ ವಿಷಯ. ಅದನ್ನು ಆಶಾ ಒಬ್ಬಳಾದರೂ ಏಕಾಂತದಲ್ಲಿ ಕೇಳಬೇಕು.

ವಯಸ್ಸಿನ ಅಪಾಯ ಎಲ್ಲರಿಗೂ ಗೊತ್ತು. ಇನ್ನೂ ತಾನೇ ಬೆಳೆಯುತ್ತಿರುವ ಹದಿಹರೆಯದ ಹುಡುಗಿಯ ಮೈಯೂ ಹೊಟ್ಟೆಯ ಮಗುವೂ ಒಂದೇ ಊಟಕ್ಕೆ ಪೈಪೋಟಿ ನಡೆಸುತ್ತವೆ. 35 ದಾಟಿದವರಲ್ಲಿ ಬಿ.ಪಿ., ಸಕ್ಕರೆ, ಅವಳಿ ಹೆಚ್ಚು. ಹುಡುಗಿಯ ವಯಸ್ಸನ್ನು ಕೂಡಿಸಿ ಬರೆಸಿದರೆ ಅಪಾಯದ ಪಟ್ಟಿಯಿಂದ ಅವಳ ಹೆಸರು ಜಾರಿಹೋಗುತ್ತದೆ, ಅಷ್ಟೇ.

ಈ ಸೇವೆ ಶುರುವಾಗುವುದೇ ಬಸುರಾದ ಮೇಲೆ. ಮುಂಬೈಯ ಕೊಳೆಗೇರಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿಯನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ಕೊಟ್ಟು ನೋಡಿದಾಗ, ಕನಿಷ್ಠ ಮೂರು ತಿಂಗಳು ಮುಂಚೆಯೇ ತಿನ್ನಲು ಶುರು ಮಾಡಿದವರಲ್ಲಿ ಮಾತ್ರ ಮಗುವಿನ ತೂಕ ಒಂದಿಷ್ಟು ಏರಿತ್ತು, ಅದೂ ತೀರಾ ತೆಳ್ಳಗಿರದ ತಾಯಂದಿರಲ್ಲಿ. ಮದುವೆಯಾದ ಹುಡುಗಿಯ ತೂಕ ಮತ್ತು ರಕ್ತವನ್ನು ಬಸುರಿಗೆ ಮುಂಚೆಯೇ ನೋಡುವ ಸಾಲು ಈ ಕಾರ್ಡಿನಲ್ಲಿ ಇಲ್ಲ. ಈ ಸೇವೆಗೆ ಒಂದೇ ಒಂದು ಬದಲಾವಣೆ ಕೇಳಬಹುದಾದರೆ ನಾವು ಅದನ್ನೇ ಕೇಳುತ್ತೇವೆ.

ಹೆರಿಗೆಯ ದಿನ ಮತ್ತು ಆಮೇಲೆ

34 ವಾರಕ್ಕೆ ಮುಂಚೆ ನೋವು ಬಂದರೆ, ನೀರು ಒಡೆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಗುವಿನ ಶ್ವಾಸಕೋಶ ಬಲಿಯಲು ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ ಸೂಜಿಯನ್ನು 12 ಗಂಟೆಗೊಂದರಂತೆ ನಾಲ್ಕು ಕೊಡುತ್ತಾರೆ. ಬೇಗ ಹೋದಷ್ಟೂ ಅದು ಕೆಲಸ ಮಾಡಲು ಸಮಯ ಸಿಗುತ್ತದೆ. ಹುಟ್ಟಿದ ಮಗುವನ್ನು ಬಟ್ಟೆಯಿಲ್ಲದೆ, ಸೊನ್ನೆಗೆ ತಂದ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಗ್ರಾಂ ಲೆಕ್ಕದಲ್ಲಿ ಬರೆಸಿ. 2,460 ಇದ್ದದ್ದನ್ನು ಎರಡೂವರೆ ಕೆ.ಜಿ. ಎಂದು ಬರೆದರೆ ಆ ಮಗು ಪಟ್ಟಿಯಿಂದ ಹೊರಗೆ ಬೀಳುತ್ತದೆ, ಮನೆಭೇಟಿಯಲ್ಲಿ ಸಿಗಬೇಕಾದ ವಿಶೇಷ ನಿಗಾ ತಪ್ಪುತ್ತದೆ. 1,800 ಗ್ರಾಂಗಿಂತ ಕಡಿಮೆಯಿದ್ದರೆ ನವಜಾತ ಶಿಶುಗಳ ವಿಶೇಷ ಘಟಕಕ್ಕೆ ಹೋಗಬೇಕು.

ಈ ಅಂಕೆ ಬಹಳ ದೂರ ಸಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಜೋಪಾನ ಮಾಡಿದ ಹೆರಿಗೆ ದಾಖಲೆಗಳನ್ನು ಹಿಡಿದು ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಹುಟ್ಟಿದಾಗ ಕಡಿಮೆ ತೂಕವಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತ್ತು.

ಮುಂದಿನ ಬಸುರಿಗೆ ಕನಿಷ್ಠ ಎರಡು ವರ್ಷ ಬಿಡಿ. ಗರ್ಭಪಾತವಾಗಿದ್ದರೆ ಆರು ತಿಂಗಳು. ಅದಕ್ಕೆ ಹೆರಿಗೆಯಾದ ಎರಡು ದಿನದೊಳಗೆ ಹಾಕುವ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಆಮೇಲೆ ವಾರಕ್ಕೊಂದು ನುಂಗುವ ಛಾಯಾ ಮಾತ್ರೆ ಎಲ್ಲವೂ ಇದೇ ಸೇವೆಯಲ್ಲಿ ಉಚಿತ. ಯಾವುದು ಹೊಂದುತ್ತದೆ ಎಂಬುದನ್ನು ಹೆರಿಗೆಗೆ ಮುಂಚೆಯೇ, 9ನೇ ತಾರೀಕಿನ ತಪಾಸಣೆಯಲ್ಲಿ ವೈದ್ಯರ ಜೊತೆ ಮಾತಾಡಿ ನಿರ್ಧರಿಸಿ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ತೋರಿಸುವವರೂ ತಾಯಿ ಕಾರ್ಡ್ ಮಾಡಿಸಿಕೊಂಡು ಎರಡು ಕಡೆಯ ಅಂಕೆಗಳನ್ನೂ ಅದರಲ್ಲೇ ಬರೆಸಿ. ಹೆರಿಗೆಯಾದ ಮೇಲೆ ಕಾರ್ಡನ್ನು ಎಸೆಯಬೇಡಿ. ಎರಡನೇ ಬಸುರಿನ ಮೊದಲ ಭೇಟಿಯಲ್ಲಿ ಹಳೆಯ ಕಾರ್ಡಿನ ತೂಕ, ಬಿ.ಪಿ., ಮಗುವಿನ ಗ್ರಾಂ ಲೆಕ್ಕ ಮೂರನ್ನೂ ವೈದ್ಯರ ಮುಂದಿಡಿ.